ಹಳೆಯ ಫಯರ್ ಸ್ಟೇಷನ್ ಬದಲಿಗೆ ಹೊಸದು: ನಕ್ಷೆಯನ್ನು ಎಲ್ಲಿಂದ ಶುರು ಮಾಡಬೇಕು?

ಕಾಸರಗೋಡು, ಮಂಜೇಶ್ವರ ಕಡೆಯ ಪಂಚಾಯತು ಸದಸ್ಯರು, ಓವರ್‌ಸಿಯರುಗಳು, ಈಗಷ್ಟೇ ಕೆಲಸಕ್ಕೆ ಸೇರಿದ ಎಂಜಿನಿಯರುಗಳು ಹೊಸ ಫಯರ್ ಸ್ಟೇಷನ್ನಿನ ನಕ್ಷೆ ತಂದು ತೋರಿಸಿದಾಗ ನಾನು ಮೊದಲು ಹುಡುಕುವುದು ಹಿಂದಿನ ಗೇಟನ್ನು. ಹೆಚ್ಚಿನ ನಕ್ಷೆಗಳಲ್ಲಿ ಅದು ಇರುವುದೇ ಇಲ್ಲ. ಎದುರಿನ ಮುಖ ಚೆಂದವಾಗಿರುತ್ತದೆ, ಮೂರು ದೊಡ್ಡ ಬಾಗಿಲು, ಮೇಲೆ ಕೆಂಪು ಪಟ್ಟಿ, ಉದ್ಘಾಟನೆಯ ಕಲ್ಲಿಗೂ ಜಾಗ ಗುರುತಿಸಿರುತ್ತಾರೆ. ಬೆಂಕಿ ಆರಿಸಿ ಮಸಿ, ಕೆಸರು ಮೆತ್ತಿಕೊಂಡು ಬರುವ ಎಂಟು ಜನ ಎಲ್ಲಿಂದ ಒಳಗೆ ಬರಬೇಕು ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿಲ್ಲ.

ಫಯರ್ ಸ್ಟೇಷನ್ ಎಂದರೆ ಎರಡು ದಾರಿಗಳು. ಒಂದು ನಿಮಿಷದೊಳಗೆ ಹೊರಡುವ ದಾರಿ ಒಂದು, ವಿಷ ಹೊತ್ತು ಹಿಂದಿರುಗುವ ದಾರಿ ಇನ್ನೊಂದು. ಇವೆರಡೂ ಒಂದನ್ನೊಂದು ದಾಟಬಾರದು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಕ್ರಮ ತಪ್ಪಿದರೆ ಕಟ್ಟಿದ ಗೋಡೆ ಒಡೆಯುವ ಕೆಲಸ ಬರುತ್ತದೆ.

ಬೇಕಾಗುವ ಸಾಮಗ್ರಿ

ಹಳೆಯ ಠಾಣೆಯ ಮೂರು ವರ್ಷದ ಕರೆ ದಾಖಲೆ, ಗ್ರಾಮ ನಕ್ಷೆ, 30 ಮೀಟರಿನ ಟೇಪು, ಸ್ಟಾಪ್‌ವಾಚ್, ಒಂದು ದೋಟಿ (ಅಡಕೆ ಕೊಯ್ಯುವ ಉದ್ದ ಕೋಲು), ನೀರು ತುಂಬಿದ ಫಯರ್ ಎಂಜಿನ್ ಮತ್ತು ಅದನ್ನು ದಿನವೂ ಓಡಿಸುವ ಚಾಲಕ. ಕೊನೆಯ ಎರಡು ಸಿಗದಿದ್ದರೆ ಲೋಡಾದ ಟಿಪ್ಪರ್ ಆದೀತು. ಬೈಕಿನಲ್ಲಿ ಹೋಗಿ ಸಮಯ ಬರೆದುಕೊಂಡು ಬಂದರೆ ಆ ಲೆಕ್ಕ ಉಪಯೋಗಕ್ಕಿಲ್ಲ.

ಹಂತ 1: ಕರೆಗಳ ಪುಸ್ತಕ ಓದಿ

ಮೂರು ವರ್ಷದ ಕರೆಗಳನ್ನು ತಿಂಗಳು, ಜಾಗ, ಬಗೆ ಎಂದು ವಿಂಗಡಿಸಿ. ನಮ್ಮ ಕಡೆ ಚಿತ್ರ ಬೇಗ ಮೂಡುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಗುಡ್ಡೆಯ ಮುಳಿಹುಲ್ಲಿಗೆ ಬೆಂಕಿ. ಮಳೆ ಹಿಡಿದರೆ ರಸ್ತೆಗೆ ಬಿದ್ದ ಮರ, ಉಕ್ಕಿದ ತೋಡು (ಹಳ್ಳ), ಹೊಳೆಯಲ್ಲಿ ಸಿಕ್ಕಿದವರು. ಬಾವಿಗೆ ಬಿದ್ದ ಮನುಷ್ಯ, ಬಾವಿಗೆ ಬಿದ್ದ ದನ ವರ್ಷವಿಡೀ ಇದ್ದದ್ದೇ.

ಅಪರೂಪಕ್ಕೆ ಬಂದರೂ ಊರನ್ನೇ ಅಲ್ಲಾಡಿಸುವ ಎರಡು ಬಗೆಯನ್ನು ಬೇರೆಯಾಗಿ ಬರೆದಿಡಿ. ಒಂದು, ಹೆದ್ದಾರಿಯ ಗ್ಯಾಸ್ ಟ್ಯಾಂಕರ್. 2012ರ ಆಗಸ್ಟ್‌ನಲ್ಲಿ ಕಣ್ಣೂರಿನ ಚಾಲದಲ್ಲಿ ಟ್ಯಾಂಕರ್ ಮಗುಚಿ ಹೊತ್ತಿಕೊಂಡದ್ದನ್ನು ಈ ಭಾಗದವರು ಮರೆತಿಲ್ಲ. ಇನ್ನೊಂದು, ಜಾತ್ರೆ, ತೆಯ್ಯಂ, ಉರೂಸಿನ ಜನಸಂದಣಿ. 2024ರ ಅಕ್ಟೋಬರ್ ಕೊನೆಯಲ್ಲಿ ನೀಲೇಶ್ವರದಲ್ಲಿ ತೆಯ್ಯಂ ನೋಡಲು ಸೇರಿದ್ದವರ ನಡುವೆ ಪಟಾಕಿ ದಾಸ್ತಾನಿಗೆ ಬೆಂಕಿ ತಗಲಿ 150ಕ್ಕೂ ಹೆಚ್ಚು ಜನ ಗಾಯಗೊಂಡರು.

ಎಷ್ಟು ವಾಹನ, ಯಾವ ವಾಹನ ಎಂಬುದು ಈ ಪಟ್ಟಿಯಿಂದ ಹೊರಡಬೇಕು. ಗುಡ್ಡೆಯ ಬೆಂಕಿ ಜಾಸ್ತಿಯಿರುವ ಕಡೆಗೆ ಕಿರಿದಾದ ರಸ್ತೆಯಲ್ಲಿ ಏರುವ ಸಣ್ಣ ವಾಹನ ಬೇಕು. ಟ್ಯಾಂಕರ್ ಓಡಾಡುವ ದಾರಿಗೆ ನೊರೆ ದ್ರಾವಣ ಇಡಲು ಜಾಗ ಬೇಕು. ಹೊಳೆ ಹತ್ತಿರವಿದ್ದರೆ ದೋಣಿ, ಅದರ ಟ್ರೇಲರ್.

ಎಚ್ಚರಿಕೆಯ ಗುರುತು: "ಪಕ್ಕದ ಜಿಲ್ಲೆಯಲ್ಲಿ ಕಟ್ಟಿದ್ದಾರಲ್ಲ, ಅದೇ ನಕ್ಷೆ ಸಾಕು" ಎಂದು ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿಸಿ, ಕರೆಗಳ ಪುಸ್ತಕ ತೆರೆದು ತೋರಿಸಿ.

ಹಂತ 2: ನಿಮಿಷಗಳ ನಕ್ಷೆ ಬರೆಯಿರಿ

ಪಟ್ಟಣದಲ್ಲಿ 5ರಿಂದ 7 ನಿಮಿಷ, ಹಳ್ಳಿಯಲ್ಲಿ 20 ನಿಮಿಷ. ಮೊದಲ ವಾಹನ ತಲುಪಲು ನಮ್ಮ ದೇಶದಲ್ಲಿ ಇಟ್ಟುಕೊಂಡಿರುವ ಗುರಿ ಇದು. ಸೂಚಿಸಿದ ಜಾಗದಿಂದ ನಾಲ್ಕೂ ದಿಕ್ಕಿಗೆ ನೀರು ತುಂಬಿದ ವಾಹನದಲ್ಲಿ ಹೋಗಿ ನೋಡಿ. ಬೆಳಗ್ಗೆ ಶಾಲೆಯ ಹೊತ್ತು, ಶುಕ್ರವಾರ ಮಧ್ಯಾಹ್ನ, ಸಂಜೆ ಆರು ಗಂಟೆ, ಹೀಗೆ ಮೂರು ಹೊತ್ತು. ಒಮ್ಮೆ ಮಳೆಯಲ್ಲಿ.

ರೈಲು ಹಳಿ ನಮ್ಮ ಜಿಲ್ಲೆಯನ್ನು ಉದ್ದಕ್ಕೆ ಸೀಳಿದೆ. ಹಳಿಯ ಪಡುವಣಕ್ಕೆ ಮೀನುಗಾರರ ಮನೆಗಳು, ಮೂಡಣಕ್ಕೆ ಪೇಟೆ. ಗೇಟು ಬಿದ್ದಾಗ ಎಷ್ಟು ಹೊತ್ತು ಕಾಯಬೇಕು ಎಂದು ನಿಂತು ಎಣಿಸಿ. ಸುತ್ತುಹಾಕಿ ಅಂಡರ್‌ಪಾಸಿನಲ್ಲಿ ಹೋಗಬಹುದು ಎಂದು ನಕ್ಷೆಯಲ್ಲಿ ಕಾಣುತ್ತದೆ. ಆದರೆ ಫಯರ್ ಎಂಜಿನ್ನಿನ ಎತ್ತರ ಏಣಿ ಸೇರಿ ಸುಮಾರು 3.2 ಮೀಟರ್. ಅಡಕೆ ಕೊಯ್ಯುವ ದೋಟಿಯಿಂದ 3.5 ಮೀಟರ್ ಉದ್ದ ಕತ್ತರಿಸಿ, ಬುಡ ನೆಲಕ್ಕೆ ಊರಿ, ಅಂಡರ್‌ಪಾಸಿನ ಈ ತುದಿಯಿಂದ ಆ ತುದಿಯವರೆಗೆ ನಡೆಯಿರಿ. ತುದಿ ಕಾಂಕ್ರೀಟಿಗೆ ತಾಗಿದರೆ ಆ ದಾರಿಯನ್ನು ನಕ್ಷೆಯಿಂದ ಹೊಡೆದು ಹಾಕಿ. ಐದು ನಿಮಿಷದ ಕೆಲಸ, ಆದರೂ ಇದನ್ನು ಮಾಡಿ ಬಂದವರನ್ನು ನಾನು ಕಂಡದ್ದು ಕಡಿಮೆ.

ಆರು ಲೇನಿನ ಹೆದ್ದಾರಿ ಬಂದ ಮೇಲೆ ಇನ್ನೊಂದು ತೊಡಕು. ನಡುವೆ ಗೋಡೆಯಿರುವುದರಿಂದ ಎದುರಿಗೇ ಕಾಣುವ ಮನೆಗೆ ಹೋಗಲು ಮುಂದಿನ ಅಂಡರ್‌ಪಾಸಿನವರೆಗೆ ಹೋಗಿ ತಿರುಗಿ ಬರಬೇಕು. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬಸ್ಸು ಬಂದರೆ ಏನಾಗುತ್ತದೆ ಎಂದೂ ನೋಡಿ. ಹೆದ್ದಾರಿಗೆ ಅಂಟಿಕೊಂಡ ಜಾಗಕ್ಕಿಂತ, ಅಂಡರ್‌ಪಾಸಿನ ಬಾಯಿಗೆ ಹತ್ತಿರವಿರುವ ಒಳರಸ್ತೆಯ ಜಾಗವೇ ಎಷ್ಟೋ ಸಲ ಬೇಗ ತಲುಪಿಸುತ್ತದೆ.

ಹಂತ 3: ಜಾಗ ಒಪ್ಪುವ ಮೊದಲು

ಪುಕ್ಕಟೆ ಸಿಗುವ ಜಾಗ ಹೆಚ್ಚಾಗಿ ಗದ್ದೆ. ಕೇರಳದ 2008ರ ಭತ್ತದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಡಾಟಾ ಬ್ಯಾಂಕಿನಲ್ಲಿ (ಗದ್ದೆಗಳ ಅಧಿಕೃತ ಪಟ್ಟಿಯಲ್ಲಿ) ಸೇರಿದ ಗದ್ದೆಗೆ ಮಣ್ಣು ತುಂಬಿಸುವುದು ಸುಲಭವಲ್ಲ. ತುಂಬಿಸಲು ಅನುಮತಿ ಸಿಕ್ಕಿದರೂ, ನೆರೆ ಬಂದಾಗ ಎಲ್ಲರಿಗಿಂತ ಮೊದಲು ಹೊರಡಬೇಕಾದ ವಾಹನ ನೀರಿನಲ್ಲಿ ನಿಲ್ಲುತ್ತದೆ. ಹಿರಿಯರನ್ನು ಕೇಳಿ, ಆಟಿ ತಿಂಗಳಲ್ಲಿ (ಜುಲೈ, ಆಗಸ್ಟ್) ಅಲ್ಲಿ ನೀರು ಎಲ್ಲಿಯವರೆಗೆ ಬರುತ್ತದೆಂದು. ಹತ್ತಿರದ ಮನೆಯ ಗೋಡೆಯಲ್ಲಿ ಕಲೆ ಇದ್ದೇ ಇರುತ್ತದೆ.

ಎತ್ತರದ ಮುರಕಲ್ಲಿನ (ಕೆಂಪುಕಲ್ಲಿನ) ಜಾಗ ಗಟ್ಟಿ. ಆದರೆ ಹಳೆಯ ಕಲ್ಲುಕೋರೆ ಮುಚ್ಚಿದ್ದೋ, ಅಡಿಯಲ್ಲಿ ಸುರಂಗ ಹಾದಿದೆಯೋ ವಿಚಾರಿಸಿ. ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ಕೊರೆದ ಸುರಂಗಗಳು ನಮ್ಮ ಜಿಲ್ಲೆಯಲ್ಲಿ ಸಾವಿರಾರು. ಅವುಗಳ ಮೇಲೆ 18 ಟನ್ನಿನ ವಾಹನ ದಿನವೂ ಓಡಾಡಬಾರದು.

ಹಂತ 4: ವಾಹನದಿಂದ ಗ್ಯಾರೇಜು, ಗ್ಯಾರೇಜಿನಿಂದ ಕಟ್ಟಡ

ಹಳೆಯ ಠಾಣೆಗಳು ಸೋತದ್ದೇ ಇಲ್ಲಿ. ಅಂದಿನ ವಾಹನಕ್ಕೆ ಸರಿಯಾಗಿದ್ದ ಬಾಗಿಲಿನಲ್ಲಿ ಇಂದಿನದ್ದು ಕನ್ನಡಿ ಮಡಚಿಕೊಂಡು ನುಗ್ಗಬೇಕು. ಎರಡು ಆಕ್ಸಲಿನ ಲಾರಿಯ ಒಟ್ಟು ತೂಕದ ಮಿತಿಯೇ 2018ರಲ್ಲಿ 16.2 ಟನ್ನಿನಿಂದ 18.5 ಟನ್ನಿಗೆ ಏರಿತು. ಹಳೆಯ ನೆಲ ಬಿರುಕು ಬಿಟ್ಟಿದ್ದರೆ ಆಶ್ಚರ್ಯವಿಲ್ಲ.

ನಾನು ಇಟ್ಟುಕೊಳ್ಳುವ ಅಳತೆ ಹೀಗೆ. ಬಾಗಿಲು 4.25 ಮೀಟರ್ ಅಗಲ, ಅಷ್ಟೇ ಎತ್ತರ. ಒಂದು ವಾಹನಕ್ಕೆ 5 ಮೀಟರ್ ಅಗಲದ ಜಾಗ, ಏಕೆಂದರೆ ಎರಡು ಬದಿಯ ಪೆಟ್ಟಿಗೆಗಳ ಬಾಗಿಲು ತೆರೆದು ಒಬ್ಬ ಮನುಷ್ಯ ಸಾಮಾನು ಹಿಡಿದು ನಡೆಯಬೇಕು. ಉದ್ದ 13 ಮೀಟರ್. ಎದುರಿನ ಅಂಗಳ ಕನಿಷ್ಠ 12 ಮೀಟರ್, ಸಾಧ್ಯವಾದರೆ 15. ಇದರಿಂದ ವಾಹನ ರಸ್ತೆಗೆ ಮೂಗು ಚಾಚದೆ ಪೂರ್ತಿಯಾಗಿ ಹೊರಗೆ ನಿಲ್ಲುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಫಯರ್ ಎಂಜಿನ್ ತಿರುಗಲು 9 ಮೀಟರ್ ತ್ರಿಜ್ಯ ಕೇಳುತ್ತದೆ. ಅದನ್ನು ಬೇರೆ ಕಟ್ಟಡಗಳಿಗೆ ಕಡ್ಡಾಯ ಮಾಡುವ ನಾವು ನಮ್ಮದೇ ಹಿತ್ತಲಿನಲ್ಲಿ ಮರೆಯುತ್ತೇವೆ.

ಹಿಂದಿನಿಂದ ಒಳಬಂದು ಮುಂದಿನಿಂದ ಹೊರಡುವಂತಿರಲಿ. ಹಿಮ್ಮುಖವಾಗಿ ರಸ್ತೆಯಿಂದ ಒಳಗೆ ಹೋಗುವ ವ್ಯವಸ್ಥೆ ಮಾಡಿದರೆ ಪ್ರತಿ ಸಲ ಒಬ್ಬ ರಸ್ತೆಗೆ ಇಳಿದು ವಾಹನಗಳನ್ನು ತಡೆಯಬೇಕಾಗುತ್ತದೆ. ಜಾಗ ಸಾಲದಿದ್ದರೆ ವಾಹನಗಳ ಸಂಖ್ಯೆಯನ್ನಲ್ಲ, ಕಚೇರಿಯ ಕೋಣೆಗಳನ್ನು ಕಡಿಮೆ ಮಾಡಿ.

ಬಾಗಿಲು ಪಡುವಣಕ್ಕೆ ಮುಖ ಮಾಡಿದ್ದರೆ ಜೂನ್‌ನ ಗಾಳಿಮಳೆ ಮೂರು ಮೀಟರ್ ಒಳಗೆ ಬರುತ್ತದೆ. ದಿಕ್ಕು ಬದಲಿಸಲಾಗದಿದ್ದರೆ 5 ಮೀಟರ್ ಎತ್ತರ ಬಿಟ್ಟು ಅಗಲವಾದ ಮಾಡು ಇಳಿಸಿ. ರೋಲಿಂಗ್ ಶಟರ್ ಬೇಡ. ಸಮುದ್ರದ ಉಪ್ಪುಗಾಳಿಗೆ ಅದರ ಸ್ಪ್ರಿಂಗು, ಪಟ್ಟಿ ಎರಡೂ ತುಕ್ಕು ಹಿಡಿದು ಕಚ್ಚುತ್ತವೆ. ಬದಿಗೆ ಮಡಚುವ ಬಾಗಿಲು, ಕರೆಂಟು ಹೋದರೆ ಒಬ್ಬನೇ ಕೈಯಿಂದ ತೆರೆಯುವಂಥದ್ದು, ಇಲ್ಲಿಗೆ ಸರಿ.

ಹಂತ 5: ಹೊರಡುವ ದಾರಿ

ಗಂಟೆ ಹೊಡೆದಾಗಿನಿಂದ ಚಕ್ರ ಉರುಳುವವರೆಗೆ ಒಂದು ನಿಮಿಷ. ಈ ಗುರಿ ಇಟ್ಟುಕೊಂಡು ಮಲಗುವ ಕೋಣೆಯಿಂದ ವಾಹನದ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಎಣಿಸಿ. ಕೋಣೆ ನೆಲಮಹಡಿಯಲ್ಲೇ ಇರಲಿ. ಜಾರುವ ಕಂಬ ಚಿತ್ರದಲ್ಲಿ ಚೆಂದ ಕಾಣುತ್ತದೆ, ನಿದ್ದೆಗಣ್ಣಿನಲ್ಲಿ ಇಳಿದವರ ಕಾಲು ಮುರಿಯುತ್ತದೆ. ದಾರಿಯಲ್ಲಿ ಮೆಟ್ಟಿಲು, ಹೊಸ್ತಿಲು, ಎರಡಕ್ಕಿಂತ ಹೆಚ್ಚು ತಿರುವು ಇರಬಾರದು. ಬಾಗಿಲುಗಳೆಲ್ಲ ಓಡುವ ದಿಕ್ಕಿಗೇ ತೆರೆಯಲಿ. ರಾತ್ರಿ ಗಂಟೆಯ ಜೊತೆಗೆ ನೆಲದ ಹತ್ತಿರ ಮಂದ ಕೆಂಪು ದೀಪ ಹತ್ತಿದರೆ ಕಣ್ಣು ಕುಕ್ಕುವುದಿಲ್ಲ.

ಅಡುಗೆಮನೆಯ ಗ್ಯಾಸ್ ಕೊಳವೆಗೆ ಗಂಟೆಯೊಂದಿಗೆ ತಾನಾಗಿ ಮುಚ್ಚುವ ವಾಲ್ವ್ ಹಾಕಿಸಿ. ಅನ್ನ ಒಲೆಯ ಮೇಲಿರುವಾಗಲೇ ಕರೆ ಬರುವುದು.

ಕೇರಳದ ದಳಕ್ಕೆ ಈಗ ಮಹಿಳೆಯರೂ ಸೇರಿದ್ದಾರೆ. ಅವರ ಮಲಗುವ ಕೋಣೆ, ಸ್ನಾನದ ಕೋಣೆಗಳನ್ನು ಆಮೇಲೆ ಮೂಲೆಯಲ್ಲಿ ಸೇರಿಸುವುದು ತಪ್ಪು. ವಾಹನಕ್ಕೆ ಇರುವ ದೂರ ಇಬ್ಬರಿಗೂ ಒಂದೇ ಇರಬೇಕು.

ಹಂತ 6: ಹಿಂದಿರುಗುವ ದಾರಿ

ಈ ಹಂತಕ್ಕೆ ಹೆಚ್ಚು ಹೊತ್ತು ಕೊಡಿ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಡೀಸೆಲ್ ಹೊಗೆಯನ್ನು 2012ರಲ್ಲಿ, ಬೆಂಕಿ ಆರಿಸುವ ವೃತ್ತಿಯನ್ನೇ 2022ರಲ್ಲಿ ಕ್ಯಾನ್ಸರ್ ತರುವವುಗಳ ಮೊದಲ ಗುಂಪಿಗೆ ಸೇರಿಸಿದೆ. ಮಸಿ ಹತ್ತಿದ ಫಯರ್ ಸೂಟನ್ನು ಹಾಸಿಗೆಯ ಪಕ್ಕದ ಮೊಳೆಗೆ ತೂಗು ಹಾಕುವ ಅಭ್ಯಾಸ ಎಂಥದ್ದು ಎಂದು ಇದರಿಂದ ತಿಳಿಯುತ್ತದೆ. ಹಳೆಯ ಠಾಣೆಗಳಲ್ಲಿ ಅದಕ್ಕೆ ಬೇರೆ ಜಾಗವೇ ಇರಲಿಲ್ಲ, ಸಿಬ್ಬಂದಿಯ ತಪ್ಪಲ್ಲ. ಹೊಸದರಲ್ಲೂ ಅದೇ ಆದರೆ ಅದು ನಮ್ಮ ತಪ್ಪು.

ನಕ್ಷೆಯ ಮೇಲೆ ಮೂರು ಬಣ್ಣ ಹಚ್ಚಿ. ಕೊಳೆಯ ಭಾಗ ಕೆಂಪು: ಗ್ಯಾರೇಜು, ತೊಳೆಯುವ ಅಂಗಳ, ಸೂಟಿನ ಕೋಣೆ. ನಡುವಣ ಭಾಗ ಹಳದಿ: ಸ್ನಾನದ ಕೋಣೆ, ಬಟ್ಟೆ ಬದಲಿಸುವ ಜಾಗ. ಶುಚಿಯ ಭಾಗ ಹಸಿರು: ಅಡುಗೆ, ಊಟ, ನಿದ್ದೆ, ಕಚೇರಿ. ಕೆಂಪಿನಿಂದ ಹಸಿರಿಗೆ ನೇರ ಬಾಗಿಲು ಒಂದೂ ಇರಕೂಡದು. ಹೊರಡುವಾಗ ಓಡುವ ಬಾಗಿಲು ಹಸಿರಿನಿಂದ ಕೆಂಪಿಗೆ ಇದ್ದೇ ಇರುತ್ತದಲ್ಲ ಎಂದು ಕೇಳುತ್ತಾರೆ. ಅದು ತಾನಾಗಿ ಮುಚ್ಚಿಕೊಳ್ಳಲಿ, ಗ್ಯಾರೇಜಿನ ಬದಿಯಿಂದ ತೆರೆಯಲು ಹಿಡಿಯೇ ಇಲ್ಲದಿರಲಿ.

ಹಿಂದಿರುಗುವ ಕ್ರಮ ಹೀಗೆ ಸಾಗಬೇಕು. ವಾಹನ ಹಿಂದಿನ ಗೇಟಿನಿಂದ ತೊಳೆಯುವ ಅಂಗಳಕ್ಕೆ ಬರುತ್ತದೆ. ಸೂಟು ಮೈಮೇಲಿರುವಾಗಲೇ ನೀರಿನಲ್ಲಿ ಒಮ್ಮೆ ತೊಳೆದು, ಬೂಟು ಉಜ್ಜಿ, ಸೂಟು ಕಳಚುತ್ತಾರೆ. ಸೂಟು ಒಗೆಯಲು ಪ್ರತ್ಯೇಕ ಯಂತ್ರ. ಮನೆಬಟ್ಟೆ ಅದರಲ್ಲಿ ಹಾಕಬಾರದು. ಅಲ್ಲಿಂದ ಸ್ನಾನ, ಆಮೇಲೆ ಊಟ. ಸೂಟಿನ ಕೋಣೆಗೆ ಬಿಸಿಲು ನೇರ ಬೀಳಬಾರದು, ಬಟ್ಟೆ ಬಲ ಕಳೆದುಕೊಳ್ಳುತ್ತದೆ. ಗಾಳಿ ಮಾತ್ರ ಚೆನ್ನಾಗಿ ಆಡಬೇಕು, ಎಳೆದು ಹೊರಹಾಕುವ ಫ್ಯಾನು ಬೇಕೇ ಬೇಕು. ನಮ್ಮ ಮಳೆಗಾಲದಲ್ಲಿ ಮುಚ್ಚಿದ ಕೋಣೆಯ ಒದ್ದೆ ಸೂಟಿಗೆ ಎರಡೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ.

ಗ್ಯಾರೇಜಿನಲ್ಲಿ ವಾಹನದ ಹೊಗೆಕೊಳವೆಗೆ ಸಿಕ್ಕಿಸಿ ಹೊರಗೆ ಎಳೆಯುವ ವ್ಯವಸ್ಥೆ ಮಾಡಿ. ಹೊಗೆಯಲ್ಲಿ ಉಸಿರಾಡಲು ಬೆನ್ನಿಗೆ ಹೊರುವ ಬಿ.ಎ. (ಬ್ರೀದಿಂಗ್ ಅಪರೇಟಸ್) ಸೆಟ್ಟಿನ ಸಿಲಿಂಡರ್ ತುಂಬಿಸುವ ಕಂಪ್ರೆಸರಿನ ಗಾಳಿಬಾಯಿ ಎಲ್ಲಿದೆ ಎಂದು ನೀವೇ ಹೋಗಿ ನೋಡಿ. ನಾನು ಒಮ್ಮೆ ನೋಡಿದ ಠಾಣೆಯೊಂದರಲ್ಲಿ ಅದು ಜನರೇಟರಿನ ಹೊಗೆಕೊಳವೆಯಿಂದ ಎರಡು ಮಾರು ದೂರದಲ್ಲಿತ್ತು. ಅಂದರೆ ಹೊಗೆಯಲ್ಲಿ ಉಸಿರಾಡದಿರಲು ಹೊತ್ತೊಯ್ಯುವ ಸಿಲಿಂಡರಿಗೆ ಹೊಗೆಯನ್ನೇ ತುಂಬಿಸುತ್ತಿದ್ದರು. ಬರೆದು ಕೊಟ್ಟೆ, ಕೊಳವೆ ತಿರುಗಿಸಿದರು. ನಕ್ಷೆಯಲ್ಲೇ ಹಿಡಿದಿದ್ದರೆ ಒಂದು ಗೆರೆ ಅಳಿಸಿದರೆ ಮುಗಿಯುತ್ತಿತ್ತು.

ಹಂತ 7: ನೀರು ಮತ್ತು ಹೋಸ್ ಪೈಪು

4500 ಲೀಟರಿನ ಟ್ಯಾಂಕು ಮೂರು ನಿಮಿಷದಲ್ಲಿ ತುಂಬಬೇಕೆಂದರೆ ನಿಮಿಷಕ್ಕೆ 1500 ಲೀಟರ್ ಸುರಿಯಬೇಕು. ಮನೆಗೆ ಹಾಕುವ ಪಂಪು, ಎರಡು ಇಂಚಿನ ಕೊಳವೆ ಸಾಲವು. ನೆಲದಡಿಯ ತೊಟ್ಟಿ 50,000 ಲೀಟರ್ ಇದ್ದರೆ ಹನ್ನೊಂದು ಸಲ ತುಂಬಿಸಬಹುದು. ನಮ್ಮಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ. 600 ಚದರ ಮೀಟರಿನ ಮಾಡಿನಿಂದ, ಸೋರಿದ್ದು ಆವಿಯಾದದ್ದು ಕಳೆದರೂ, 14 ಲಕ್ಷ ಲೀಟರ್ ಇಳಿಯುತ್ತದೆ. ಆದರೆ ಅದು ಬೀಳುವುದು ಜೂನ್‌ನಲ್ಲಿ, ಬೇಕಾಗುವುದು ಮಾರ್ಚ್‌ನಲ್ಲಿ. ಹಾಗಾಗಿ ತೊಟ್ಟಿಯನ್ನು ನೆಚ್ಚದೆ ಹೆಚ್ಚಿನ ನೀರನ್ನು ಬಾವಿಯ ಪಕ್ಕದ ಇಂಗುಗುಂಡಿಗೆ ಬಿಡಿ. ಬೇಸಗೆಯಲ್ಲೂ ಬತ್ತದ ಮದಕ, ಪಳ್ಳ, ಹೊಳೆಗುಂಡಿಗಳಲ್ಲಿ ವಾಹನ ದಡಕ್ಕೆ ಹೋಗಬಹುದಾದವನ್ನು ಗುರುತಿಸಿ ನಕ್ಷೆಯ ಜೊತೆ ಲಗತ್ತಿಸಿ.

ಹೋಸ್ ಪೈಪು ಸಾಮಾನ್ಯವಾಗಿ 15 ಮೀಟರ್ ಉದ್ದ. ನಡುವೆ ಮಡಚಿ ತೂಗಿಸಿದರೂ ಗೋಪುರದಲ್ಲಿ 9 ಮೀಟರ್ ಎತ್ತರ ಬೇಕು. ಟೆಂಡರಿನಲ್ಲಿ ಹಣ ಉಳಿಸಲು ಗೋಪುರವನ್ನು 6 ಮೀಟರಿಗೆ ತಂದದ್ದನ್ನು ನೋಡಿದ್ದೇನೆ. ಪೈಪಿನ ತುದಿ ನೆಲದ ನೀರಿನಲ್ಲೇ ಬಿದ್ದಿರುತ್ತಿತ್ತು, ಎರಡು ಮಳೆಗಾಲದಲ್ಲಿ ಮಡಿಕೆಗಳೆಲ್ಲ ಸೀಳಿದವು. ಗೋಪುರದ ಕಿಂಡಿಗಳು ಮೂಡಣಕ್ಕೆ ಇರಲಿ. ಬಿಡದೆ ಮಳೆ ಹೊಡೆಯುವ ಆಟಿಗೆ ಬಿಸಿಗಾಳಿಯ ಒಣಗಿಸುವ ಪೆಟ್ಟಿಗೆಯೊಂದು ಜೊತೆಗಿರಲಿ.

ಹಂತ 8: ಕಟ್ಟಡದ ಬಲ

ಇದನ್ನು ಸ್ಟ್ರಕ್ಚರಲ್ ಎಂಜಿನಿಯರಿಗೆ ಬಿಡಿ, ಆದರೆ ಮೂರು ಪ್ರಶ್ನೆ ಕೇಳಿ. ಭೂಕಂಪದ ಲೆಕ್ಕದಲ್ಲಿ ಪ್ರಾಮುಖ್ಯದ ಗುಣಾಂಕ (ಮುಖ್ಯ ಕಟ್ಟಡಕ್ಕೆ ಹೆಚ್ಚು ಬಲ ಕೊಡಲು ಹಿಡಿಯುವ ಅಂಕಿ) 1.5 ಹಿಡಿದಿದ್ದಾರೆಯೇ? ಭೂಕಂಪಕ್ಕೆ ಸಂಬಂಧಿಸಿದ 2016ರ ಭಾರತೀಯ ಮಾನಕ ಐ.ಎಸ್. 1893 ಫಯರ್ ಸ್ಟೇಷನ್ನನ್ನು ಹೆಸರಿಸಿಯೇ ಇದನ್ನು ಹೇಳುತ್ತದೆ. ಕರಾವಳಿಯ ಉಪ್ಪುಗಾಳಿಗೆ ತೆರೆದುಕೊಂಡ ಕಾಂಕ್ರೀಟು ಎಂ 30 ಎಂಬ ಬಲದ ದರ್ಜೆಗೆ ಕಡಿಮೆಯಿಲ್ಲವೇ, ಕಂಬಿಯ ಮೇಲಿನ ಹೊದಿಕೆ 45 ಮಿ.ಮೀ. ಇದೆಯೇ? ಸಿಡಿಲು ರಕ್ಷಣೆ ಕಟ್ಟಡಕ್ಕೆ ಮಾತ್ರವೋ, ವೈರ್‌ಲೆಸ್, ಫೋನ್ ಲೈನಿಗೂ ಇದೆಯೋ? ಏಪ್ರಿಲ್, ಮೇ ತಿಂಗಳ ಸಂಜೆಯ ಒಂದೇ ಸಿಡಿಲಿಗೆ ಕಂಟ್ರೋಲ್ ರೂಮು ಮೂಕವಾಗಬಾರದು.

ಗ್ಯಾರೇಜಿನ ನೆಲದ ಕಾಂಕ್ರೀಟು ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ, ಮಳೆಗಾಲಕ್ಕೆ) ಮೊದಲೇ ಮುಗಿಯುವಂತೆ ಕೆಲಸದ ಪಟ್ಟಿ ಮಾಡಿ. 100ಕ್ಕೆ 1ರಂತೆ ಇಳಿಜಾರು, ಉದ್ದಕ್ಕೆ ಚರಂಡಿ, ಅದರ ತುದಿಗೆ ಎಣ್ಣೆ ಬೇರ್ಪಡಿಸುವ ಗುಂಡಿ. ಆ ಗುಂಡಿಯಿಲ್ಲದೆ ಚರಂಡಿಯನ್ನು ತೋಡಿಗೆ ಬಿಟ್ಟರೆ ಕೆಳಗಿನ ತೋಟದವರ ಬಾವಿಗೆ ಡೀಸೆಲ್ ವಾಸನೆ ಬರುತ್ತದೆ.

ಹಂತ 9: ಕಂಟ್ರೋಲ್ ರೂಮು, ಎದುರಿನ ಕೋಣೆ

ಕುಳಿತವರಿಗೆ ರಸ್ತೆ, ಗ್ಯಾರೇಜು ಎರಡೂ ಕಾಣಬೇಕು. ಗೋಡೆಯ ನಕ್ಷೆಯಲ್ಲಿ ಪ್ರತಿ ಊರಿಗೂ ಜನ ಹೇಳುವ ಎಲ್ಲ ಹೆಸರು ಬರೆದಿರಬೇಕು. ಹೊಸದುರ್ಗ ಎಂದು ಒಬ್ಬರು, ಕಾಞಂಗಾಡ್ ಎಂದು ಇನ್ನೊಬ್ಬರು. ಬೆಂಕಿ ಬಿದ್ದಾಗ ಮನುಷ್ಯನ ಬಾಯಿಗೆ ಬರುವುದು ತಾಯಿಮಾತು. ಕನ್ನಡವೋ ತುಳುವೋ ಮಲಯಾಳವೋ ಬ್ಯಾರಿಯೋ ಆಗಬಹುದು. ಮಂಜೇಶ್ವರದ ಒಳಭಾಗದ ಅಜ್ಜಿ 101ಕ್ಕೆ ಕರೆ ಮಾಡಿ "ದೇವಸ್ಥಾನದ ಹಿಂದಿನ ಗುಡ್ಡೆ" ಎಂದರೆ ಅದು ಯಾವ ಗುಡ್ಡೆ ಎಂದು ತಿಳಿಯಲು ಗೋಡೆಯ ಮೇಲೆ ಆ ಹೆಸರಿರಬೇಕು. ಇದನ್ನು ಹೊರಗಿನವರು ತಯಾರಿಸಿ ಕೊಡಲಾರರು. ವಾರ್ಡ್ ಸದಸ್ಯರು, ಪೋಸ್ಟ್‌ಮ್ಯಾನ್, ಸಿವಿಲ್ ಡಿಫೆನ್ಸ್ ಸ್ವಯಂಸೇವಕರನ್ನು ಕೂರಿಸಿ ಬರೆಸಿ. ಫಲಕಗಳಲ್ಲಿ ಕನ್ನಡ ಇರಲಿ ಎಂದು ನಕ್ಷೆಯ ಹಂತದಲ್ಲೇ ಬರೆಯಿರಿ. ಆಮೇಲೆ ಕೇಳಿದರೆ ಅದು ಅರ್ಜಿಯಾಗುತ್ತದೆ.

ರಸ್ತೆಗೆ ಹತ್ತಿರ, ಗ್ಯಾರೇಜು ದಾಟದೆ ಬರಬಹುದಾದ ಒಂದು ಸಣ್ಣ ಕೋಣೆ ಬೇಕು. ಬೆರಳು ಊದಿ ಉಂಗುರ ಸಿಕ್ಕಿಕೊಂಡವರು ಆಸ್ಪತ್ರೆಗಿಂತ ಮೊದಲು ಫಯರ್ ಸ್ಟೇಷನ್ನಿಗೆ ಬರುತ್ತಾರೆ. ಒಂದು ಮೇಜು, ಬಲವಾದ ದೀಪ, ಬೇಸಿನ್, ನೂಲು, ಉಂಗುರ ಕತ್ತರಿಸುವ ಸಣ್ಣ ಚಕ್ರ. ಕೈ ಮೇಜಿನ ಮೇಲಿಟ್ಟು, ಬೆರಳಿಗೆ ನೂಲು ಒತ್ತಾಗಿ ಸುತ್ತಿ, ಉಂಗುರದಡಿಯಿಂದ ನೂಲಿನ ತುದಿ ಎಳೆದು ಬಿಚ್ಚುತ್ತ ಬಂದರೆ ಎಷ್ಟೋ ಸಲ ಕತ್ತರಿಸದೆಯೇ ಹೊರಬರುತ್ತದೆ. ನಡುವೆ ಕರೆ ಬಂದರೆ ಆ ವ್ಯಕ್ತಿ ವಾಹನದ ದಾರಿಯಲ್ಲಿ ನಿಂತಿರಬಾರದು.

ಹಂತ 10: ಅಭ್ಯಾಸದ ಬಾವಿ

ಏಣಿ ಹತ್ತುವ ಗೋಪುರ ಎಲ್ಲ ನಕ್ಷೆಯಲ್ಲೂ ಇರುತ್ತದೆ, ಬಾವಿ ಇರುವುದಿಲ್ಲ. ನಮ್ಮ ಸಿಬ್ಬಂದಿ ಹೆಚ್ಚು ಇಳಿಯುವುದು ಬಾವಿಗೆ. ಮುರಕಲ್ಲಿನಲ್ಲಿ 7 ಮೀಟರ್ ಆಳದ ಒಣಬಾವಿ ಕಡಿಸಿ, ದಂಡೆ ಊರಿನ ಬಾವಿಗಳಂತೆ ಇರಲಿ, ಒಂದು ಬದಿಗೆ ಪಾರಾಗುವ ಮೆಟ್ಟಿಲು ಇಡಿ. ಆಮ್ಲಜನಕ ಕಡಿಮೆಯಾದ ಬಾವಿಗೆ ಬಿದ್ದವನನ್ನು ಎತ್ತಲು ಹಾಗೇ ಇಳಿದ ಎರಡನೆಯವನೂ ಸಾಯುತ್ತಾನೆ. ಮೊದಲು ಗ್ಯಾಸ್ ಡಿಟೆಕ್ಟರ್ ಇಳಿಸುವುದು, ಬಿ.ಎ. ಸೆಟ್ ಹಾಕಿಕೊಂಡು ಇಳಿಯುವುದು, ಬಲೆ ಎತ್ತುವುದು, ಎಲ್ಲ ಅಲ್ಲೇ ಕೈಗೆ ಬರಬೇಕು. ಮೇಲೆ ಬೀಗವಿರುವ ಕಬ್ಬಿಣದ ಜಾಲರಿ ಕಡ್ಡಾಯ.

ಹಂತ 11: ಟೆಂಡರಿನಲ್ಲಿ ಕತ್ತರಿ ಬೀಳುವ ಕಡೆ

ಮೊತ್ತ ಮೀರಿದಾಗ ಮೊದಲು ಹೋಗುವುದು ಹೊಗೆ ಎಳೆಯುವ ವ್ಯವಸ್ಥೆ, ಸೂಟು ಒಗೆಯುವ ಯಂತ್ರ, ಹಿಂದಿನ ಗೇಟು, ಎಣ್ಣೆಯ ಗುಂಡಿ. ನಾಲ್ಕೂ ಕಣ್ಣಿಗೆ ಕಾಣದವು. ಇವನ್ನು ಬೇರೆ ಕಾಮಗಾರಿಯೆಂದು ಬರೆಯದೆ ಮುಖ್ಯ ಕಟ್ಟಡದ ಅಂದಾಜಿನೊಳಗೇ ಸೇರಿಸಿ. ಕಡಿಮೆ ಮಾಡಲೇಬೇಕಾದರೆ ಗ್ರಾನೈಟು, ಎದುರಿನ ಗಾಜು, ಸಭಾಂಗಣದ ಒಳಮಾಡು ಬಿಡಿ.

ಹಂತ 12: ಸ್ಥಳಾಂತರ

ಹೊಸದು ಓಡುವ ಮೊದಲು ಹಳೆಯದನ್ನು ಕೆಡವಬೇಡಿ. ಅದೇ ಜಾಗದಲ್ಲಿ ಕಟ್ಟುವುದಾದರೆ ಮೊದಲು ಗ್ಯಾರೇಜು ಮುಗಿಸಿ ವಾಹನ ಸರಿಸಿ, ಆಮೇಲೆ ಉಳಿದ ಭಾಗ.

ಕಟ್ಟಡ ವಹಿಸಿಕೊಳ್ಳುವ ಮೊದಲು ಒಂದು ಮಳೆಯ ರಾತ್ರಿ ಮೂರು ಗಂಟೆಗೆ, ಮುಖ್ಯ ಸ್ವಿಚ್ ಆರಿಸಿ, ಹೇಳದೆ ಗಂಟೆ ಹೊಡೆಯಿರಿ. ಜನರೇಟರ್ ಹತ್ತಿತೇ? ಬಾಗಿಲು ಕೈಯಿಂದ ತೆರೆಯಿತೇ? ಚಕ್ರ ಉರುಳಲು ಎಷ್ಟು ಸೆಕೆಂಡು? ಹಿಂದಿರುಗಿ ಬಂದವರು ತೊಳೆಯುವ ಅಂಗಳಕ್ಕೇ ಹೋದರೇ, ಸುಲಭವೆಂದು ಎದುರಿನ ಬಾಗಿಲಿನಿಂದ ನುಗ್ಗಿದರೇ? ನುಗ್ಗಿದ್ದರೆ ಅವರನ್ನು ಬೈಯಬೇಡಿ, ಬಾಗಿಲಿನ ಜಾಗ ಬದಲಿಸಿ.

ಫೋನ್ ಲೈನು ಹೊಸ ಜಾಗಕ್ಕೆ ಬಂದ ಮೇಲೂ ಎರಡು ವಾರ ಹಳೆಯ ಠಾಣೆಯಲ್ಲಿ ಒಬ್ಬರನ್ನು ಕೂರಿಸಿ. ಅಲ್ಲಿನ ಗೇಟಿಗೆ ಹೊಸ ಜಾಗದ ದಾರಿಯನ್ನು ಕನ್ನಡ, ಮಲಯಾಳಂ ಎರಡರಲ್ಲೂ ದೊಡ್ಡದಾಗಿ ಬರೆಸಿ, ಒಂದು ವರ್ಷ ಹಾಗೇ ಬಿಡಿ. ಬೆರಳು ಊದಿ ಉಂಗುರ ಸಿಕ್ಕಿಕೊಂಡವರು ಅಷ್ಟು ಸಮಯವೂ ಹಳೆಯ ಗೇಟಿಗೇ ಬರುತ್ತಿರುತ್ತಾರೆ.